ಕಾಕ ಕುಡಿದ ನೀರಿನ ಲೆಕ್ಕ

ನನ್ನ ಎಡತೊಡೆಯ ಮೂಳೆ ಮುರಿದದ್ದು 1961ರ ನವೆಂಬರ್ 6ರಂದು, ಸೋಮವಾರ. ಬಂದರಿನಲ್ಲಿ ಮಂಜಿಗೆ, ಎಂದರೆ ಹಾಯಿ ಕಟ್ಟಿದ ಸರಕಿನ ದೋಣಿಗೆ, ಹೆಂಚು ತುಂಬಿಸುತ್ತಿದ್ದಾಗ ದಡದಲ್ಲಿ ಪೇರಿಸಿಟ್ಟಿದ್ದ ಅಟ್ಟಿಯೊಂದು ಜಾರಿ ನನ್ನ ಮೇಲೆ ಬಂತು. ಆಗ ನನಗೆ ಇಪ್ಪತ್ತು ವರ್ಷ. ಅಲ್ಲಿ ನಾನು ಟ್ಯಾಲಿ ಕ್ಲಾರ್ಕ್. ಹೆಂಚಿನ ಹೊರೆ ಹೊತ್ತವರು ಹಲಗೆ ಹತ್ತಿ ದೋಣಿಗೆ ಹೋಗುವಾಗ ಹೊರೆಗೊಂದು ಗೀಟು ಎಳೆಯಬೇಕು. ನಾಲ್ಕು ಗೀಟು ಆದ ಮೇಲೆ ಐದನೆಯದನ್ನು ಅವುಗಳ ಮೇಲೆ ಅಡ್ಡ ಎಳೆಯಬೇಕು. ನಮ್ಮ ಮನೆಯಲ್ಲಿ ಅಜ್ಜ, ಅಪ್ಪ, ದೊಡ್ಡಪ್ಪ ಎಲ್ಲರೂ ಕಡಲಿಗೆ ಹೋದವರು. ನಾನೊಬ್ಬನೇ ಪೆನ್ಸಿಲು ಹಿಡಿದವನು.

"ನೀರಿಗೆ ಹೋಗದವನಿಗೆ ಎಂತ ಅಪಾಯ ಅಂತ ನಾನು ಆರಾಮ ಇದ್ದೆ. ನೆಲದ ಮೇಲೆ ನಿಂತೇ ಕಾಲು ಮುರ್ಕೊಂಡೆಯಲ್ಲ ಮಗಾ!" ಎಂದು ಅಮ್ಮ ಮೊದಲ ದಿನ ಅಳುತ್ತಲೇ ಬೈದರು.

ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಹದಿನೆಂಟು ಮಂಚ. ನನ್ನದು ಏಳನೆಯದು. ಕಾಲನ್ನು ಮೇಲಕ್ಕೆತ್ತಿ, ರಾಟೆಯ ಮೇಲೆ ಹಗ್ಗ ಹಾಯಿಸಿ, ತುದಿಗೆ ಮರಳಿನ ಚೀಲ ಕಟ್ಟಿದ್ದರು. ಆರು ವಾರ ಹಾಗೆಯೇ ಮಲಗಿರಬೇಕು ಎಂದರು ಡಾಕ್ಟರು. ಮೂರನೆಯ ದಿನ ಅಮ್ಮನಿಂದ ಒಂದು ಪುಸ್ತಕ, ಒಂದು ಪೆನ್ಸಿಲು ತರಿಸಿಕೊಂಡೆ. ಏನು ಬರೆಯುವುದು ಎಂದು ತಿಳಿಯದೆ ಕಂಡದ್ದನ್ನೆಲ್ಲ ಎಣಿಸತೊಡಗಿದೆ. ನವೆಂಬರ್ 9: ಯಾರೋ ಒಬ್ಬರು "ಸಿಸ್ಟರ್" ಎಂದು ಕೂಗಿದ್ದು ಅರವತ್ತೆರಡು ಸಲ. ನವೆಂಬರ್ 10: ಕಿಟಕಿಯಿಂದ ಒಳಗೆ ಬಂದ ಕಾಗೆ ಏಳು, ಅವುಗಳಲ್ಲಿ ಇಡ್ಲಿ ಸಿಕ್ಕಿದ್ದು ಎರಡಕ್ಕೆ. ಆ ಪುಸ್ತಕದ ಮೊದಲ ಪುಟಗಳಲ್ಲಿ ಇಂಥವೇ ಇವೆ. ಇದನ್ನು ಬರೆಯುತ್ತಿರುವ ಈಗ, ಮೂರು ವರ್ಷದ ಮೇಲೆ, ಅವನ್ನು ಓದಿದರೆ ನನಗೇ ನಗು ಬರುತ್ತದೆ. ಆದರೆ ಅದೇ ಪುಸ್ತಕವನ್ನು ಒಬ್ಬರು ನಗದೆ ಓದಿದರು. ಅವರ ಉಪಕಾರವನ್ನು ಬರೆದಿಡಬೇಕೆಂದೇ ಇವತ್ತು ಕುಳಿತಿದ್ದೇನೆ.

ಎಂಟನೆಯ ಮಂಚಕ್ಕೆ ನವೆಂಬರ್ 13ರಂದು ಒಬ್ಬ ಹಿರಿಯರು ಬಂದರು. ಕರಾವಳಿಯ ಬ್ಯಾರಿ ಮುಸ್ಲಿಮರು, ಅರವತ್ತಾರು ವರ್ಷ, ಬಂದರಿನಲ್ಲಿ ಹುರಿಹಗ್ಗದ ಅಂಗಡಿ. ಮನೆ ನೇತ್ರಾವತಿಯ ಆಚೆ, ತೊಕ್ಕೊಟ್ಟಿನ ಕಡೆ. ಅವರನ್ನು ಎಲ್ಲರೂ ಕಾಕ, ಎಂದರೆ ಚಿಕ್ಕಪ್ಪ, ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅವರಿಗೆ ಮೂತ್ರಕೋಶದಲ್ಲಿ ಕಲ್ಲು. ಮರುದಿನ ಆಪರೇಶನ್ ಆಯಿತು, ಕಲ್ಲು ತೆಗೆದರು, ನೆಲ್ಲಿಕಾಯಿಯಷ್ಟು ದೊಡ್ಡದಿತ್ತಂತೆ. ಆರು ದಿನ ರಬ್ಬರಿನ ನಳಿಗೆ ಇತ್ತು. 20ಕ್ಕೆ ಅದನ್ನು ತೆಗೆದಾಗ ಡಾಕ್ಟರು ಹೇಳಿದ್ದು ಒಂದೇ ಮಾತು: "ಇನ್ನು ಮದ್ದಿಗಿಂತ ನೀರೇ ಮುಖ್ಯ. ದಿನಕ್ಕೆ ಹದಿನೈದು ಗ್ಲಾಸು ಕುಡಿಯಬೇಕು."

ನಳಿಗೆ ತೆಗೆದ ದಿನ ಕಾಕ ನನ್ನ ಕಡೆ ತಿರುಗಿ ನೋಡಿದರು.

"ನೀನು ಹೆಂಚಿನ ಲೆಕ್ಕದವನಲ್ವಾ? ನಮ್ಮ ಅಂಗಡಿ ಎದುರು ಛತ್ರಿ ಹಿಡ್ಕೊಂಡು ನಿಲ್ತಿದ್ದೆ."

"ಹೌದು ಕಾಕ."

"ಒಂದು ದಿನ ಆದ್ರೂ ಒಳಗೆ ಬಂದು ನೀರು ಕುಡಿದದ್ದುಂಟಾ ನೀನು? ಇಲ್ಲ. ತಕೋ, ಈಗ ಕುಡಿ." ಎಂದು ತಲೆದಿಂಬಿನ ಅಡಿಯಿಂದ ಓಲೆಬೆಲ್ಲದ ಪೊಟ್ಟಣ ತೆಗೆದು ಒಂದು ತುಂಡು ಮುರಿದು, ಪಕ್ಕದ ಜಗ್ಗಿನಿಂದ ಒಂದು ಗ್ಲಾಸು ನೀರು ಬಗ್ಗಿಸಿ ನನ್ನ ಕಡೆ ಚಾಚಿದರು. ನಾನು ಕುಡಿದೆ.

ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ನಮ್ಮ ಕಡೆ ವಾಡಿಕೆ. ಕಾಕನ ಅಂಗಡಿಯಲ್ಲೂ ಅದೇ ರೂಢಿ. ದೋಣಿ ಇಳಿದು ಉಪ್ಪುಗಾಳಿಯಲ್ಲಿ ಬಾಯಿ ಒಣಗಿ ಬರುವವರಿಗೆ ಹಗ್ಗ ತೋರಿಸುವ ಮೊದಲು ನೀರು. ನಲವತ್ತು ವರ್ಷ ಹಾಗೆ ನಡೆಸಿದ ಮನುಷ್ಯ ಆಸ್ಪತ್ರೆಯಲ್ಲಿ ಮಲಗಿದ ಮಾತ್ರಕ್ಕೆ ಬಿಡುವುದುಂಟೇ? ಅವರನ್ನು ನೋಡಲು ಬರುವವರಿಗೂ ಲೆಕ್ಕವಿರಲಿಲ್ಲ. ತಮ್ಮ, ಅಳಿಯಂದಿರು, ದೋಣಿಯವರು, ಕಡವಿನಲ್ಲಿ ದೋಣಿಯಿಂದ ಹೊಳೆ ದಾಟಿಸುವವನು. ಪ್ರತಿಯೊಬ್ಬರಿಗೂ ಬೆಲ್ಲ, ಪ್ರತಿಯೊಬ್ಬರಿಗೂ ಒಂದು ಗ್ಲಾಸು. ಬೇಡ ಎಂದವರಿಗೆ, "ಎಂತ, ನನ್ನ ಮೇಲೆ ಕೋಪವಾ?" ಎಂಬ ಒಂದು ಪ್ರಶ್ನೆ. ಅಷ್ಟಕ್ಕೆ ಕುಡಿಯುತ್ತಿದ್ದರು.

ಎಣಿಸಲು ಇದಕ್ಕಿಂತ ಒಳ್ಳೆಯ ವಿಷಯ ನನಗೆ ಸಿಕ್ಕಿರಲಿಲ್ಲ. 21ರಿಂದ ಹೊಸ ಪುಟ ಶುರು ಮಾಡಿದೆ. ಬಂದವರು ಕುಡಿದದ್ದಕ್ಕೆ ಗೀಟು, ಕಾಕ ಕುಡಿದದ್ದಕ್ಕೆ ಚುಕ್ಕೆ.

22ರ ಸಂಜೆ ಕಾಕನಿಗೆ ಚಳಿಜ್ವರ ಬಂತು. 23ಕ್ಕೆ ನೂರೆರಡು ಡಿಗ್ರಿ. 24 ಶುಕ್ರವಾರ, ಮಧ್ಯಾಹ್ನದ ನಮಾಜು ಮುಗಿಸಿ ಒಟ್ಟಿಗೆ ಬಂದವರೇ ಎಂಟು ಜನ. ಕಂಬಳಿಯೊಳಗೆ ನಡುಗುತ್ತಲೇ ಕಾಕ ಎಲ್ಲರಿಗೂ ನೀರು ಬಗ್ಗಿಸಿದರು.

ಶನಿವಾರ ಬೆಳಿಗ್ಗೆ ಡಾಕ್ಟರು ಬಂದು ಮಂಚದ ತುದಿಯಲ್ಲಿ ತೂಗುಹಾಕಿದ್ದ ಚಾರ್ಟನ್ನು ಬಹಳ ಹೊತ್ತು ನೋಡಿದರು. ಪಕ್ಕದಲ್ಲಿ ವಾರ್ಡಿನ ದೊಡ್ಡ ಸಿಸ್ಟರ್ ನಿಂತಿದ್ದರು. ನಲವತ್ತೈದರ ಆಸುಪಾಸಿನ ಕೊಂಕಣಿ ಕ್ರಿಶ್ಚಿಯನ್ ಹೆಂಗಸು. ತರಬೇತಿಯ ಹುಡುಗಿಯರು ಅವರ ನೆರಳು ಕಂಡರೂ ನೆಟ್ಟಗೆ ನಿಲ್ಲುತ್ತಿದ್ದರು. ಇಬ್ಬರೂ ಕಾಕನಿಗೆ ಕೇಳಿಸದಂತೆ ನನ್ನ ಮಂಚದ ಕಡೆ ಸರಿದು ಮಾತಾಡಿದ್ದರಿಂದ ನನಗೆ ಎಲ್ಲವೂ ಕೇಳಿಸಿತು.

"ನಿನ್ನೆ ಒಳಗೆ ಹೋದದ್ದು ಹದಿನಾರು ಗ್ಲಾಸು. ಹೊರಗೆ ಬಂದದ್ದು ಎರಡು ಗ್ಲಾಸೂ ಇಲ್ಲ. ಕಿಡ್ನಿ ಕೈಕೊಡ್ತಾ ಉಂಟು ಸಿಸ್ಟರ್. ಇಲ್ಲದಿದ್ರೆ ಒಳಗೆ ಎಲ್ಲಿಯೋ ಕಟ್ಟಿದೆ. ಮಂಗಳವಾರ ಮತ್ತೆ ತೆರೆದು ನೋಡಬೇಕು."

"ಈ ಜ್ವರದಲ್ಲಿ? ಈ ಪ್ರಾಯದಲ್ಲಿ?"

"ಮೇಜಿನ ಮೇಲಿಂದ ಏಳದೆಯೂ ಇರಬಹುದು. ನನಗೂ ಗೊತ್ತುಂಟು. ಬೇರೆ ದಾರಿ ಇದ್ರೆ ಹೇಳಿ."

ಇಬ್ಬರೂ ಮುಂದಿನ ಮಂಚಕ್ಕೆ ಹೋದರು.

ಹದಿನಾರು ಎಂಬ ಸಂಖ್ಯೆ ಕೇಳಿದೊಡನೆ ನಾನು ಪುಸ್ತಕ ತೆರೆದೆ. ಕಾಕನ ಜಗ್ಗಿನಲ್ಲಿ ಹಿಡಿಯುವುದು ನಾಲ್ಕು ಗ್ಲಾಸು. ಶುಕ್ರವಾರ ಅದನ್ನು ನಾಲ್ಕು ಸಲ ತುಂಬಿಸಿದ್ದರು. ತುಂಬಿಸಿದ ಹುಡುಗಿ ಪ್ರತಿ ಸಲವೂ ಚಾರ್ಟಿನಲ್ಲಿ ನಾಲ್ಕು ಎಂದು ಬರೆದಿದ್ದಳು. ಅವಳಿಗೆ ಕಲಿಸಿದ್ದೇ ಹಾಗೆ. ನನ್ನ ಪುಟದಲ್ಲಿ ಇದ್ದದ್ದು ಇಷ್ಟು: ಬಂದವರು ಹನ್ನೆರಡು, ನಾನು ಒಂದು, ಕಾಕ ಎರಡು, ಜಗ್ಗಿನಲ್ಲಿ ಉಳಿದದ್ದು ಒಂದು. ಒಟ್ಟು ಹದಿನಾರು. ನಾಲ್ಕು ದಿನದಿಂದ ಈ ಗೀಟುಗಳನ್ನು ಎಳೆಯುತ್ತ ನಾನು ಕಾಕನ ಔದಾರ್ಯವನ್ನು ಮಾತ್ರ ಎಣಿಸಿದ್ದೆ. ಚುಕ್ಕೆಗಳು ಎಷ್ಟು ಕಡಿಮೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಕಾಕ, ನೀವು ಯಾಕೆ ನೀರು ಕುಡಿಯುವುದಿಲ್ಲ?" ಎಂದು ಕೇಳಿದೆ.

ಅವರು ಸುತ್ತ ನೋಡಿ ದನಿ ಇಳಿಸಿದರು. "ಕುಡಿದ್ರೆ ಹೊರಗೆ ಹೋಗ್ಬೇಕು ಅಂತ ಆಗ್ತದೆ. ಹೊಟ್ಟೆ ಹೊಲಿದವ ಎದ್ದು ಹೋಗುವ ಹಾಗಿಲ್ಲ. ಪಾತ್ರೆ ತನ್ನಿ ಅಂತ ಕೇಳ್ಬೇಕು. ಯಾರ ಹತ್ರ ಕೇಳುವುದು? ಎಲ್ಲ ನನ್ನ ಮೊಮ್ಮಗಳ ಪ್ರಾಯದ ಮಕ್ಕಳು ಮಾರಾಯ. ನನ್ನ ಬಾಯಿಂದ ಅದು ಬರುವುದಿಲ್ಲ."

"ಹಾಗಾದರೆ?"

"ಹಾಗಾದರೆ ಎಂತ? ಕುಡಿಯದಿದ್ರೆ ಆಯ್ತು. ಬೆಳಿಗ್ಗೆ ಆ ಅಣ್ಣ ನೆಲ ಒರೆಸ್ಲಿಕ್ಕೆ ಬರ್ತಾನಲ್ಲ, ಅವನ ಹತ್ರ ಒಂದು ಸಲ, ಸಂಜೆ ಒಂದು ಸಲ ಕೇಳ್ತೇನೆ. ನೀನು ಇದನ್ನು ಯಾರಿಗೂ ಹೇಳ್ಬೇಡ, ಆಯ್ತಾ?"

ಆಯ್ತು ಎಂದೆ. ಹನ್ನೊಂದು ಗಂಟೆಗೆ ಆಯ್ತು ಎಂದವನು ಹನ್ನೆರಡಕ್ಕೆ ಮಾತು ಮುರಿದೆ. ನನ್ನ ಮರಳಿನ ಚೀಲ ಸರಿಯಾಗಿದೆಯೇ ಎಂದು ನೋಡಲು ದೊಡ್ಡ ಸಿಸ್ಟರ್ ಬಂದರು. ಕಾಕ ನಿದ್ದೆ ಹೋಗಿದ್ದರು. ನಾನು ಪುಸ್ತಕ ತೆರೆದು ಅವರ ಕೈಗೆ ಕೊಟ್ಟೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ರೋಗಿಯೊಬ್ಬ ಮಲಗಿಕೊಂಡು ವಾರ್ಡಿನ ಲೆಕ್ಕ ಬರೆದಿಟ್ಟಿದ್ದಾನೆ, ಅದೂ ಅವರ ಹುಡುಗಿಯರ ಚಾರ್ಟು ತಪ್ಪೆಂದು ತೋರಿಸುವ ಲೆಕ್ಕ. ಯಾರಿಗಾದರೂ ಸಿಟ್ಟು ಬರಬಹುದಾದ ಮಾತು.

ಸಿಸ್ಟರ್ ಸ್ಟೂಲು ಎಳೆದು ಕುಳಿತರು. ಅವರು ಕುಳಿತದ್ದನ್ನು ನಾನು ಅಂದೇ ಮೊದಲು ಕಂಡದ್ದು.

"ಈ ಅಡ್ಡಗೀಟು ಎಂತ?"

"ಐದು."

"ಈ ಚುಕ್ಕೆ?"

"ಕಾಕ ಕುಡಿದದ್ದು."

ಅವರು ಬೆರಳಿಟ್ಟು ನಾಲ್ಕು ದಿನದ ಚುಕ್ಕೆಗಳನ್ನು ಎಣಿಸಿದರು. ಒಂಬತ್ತು. ನಾನು ಪಿಸುದನಿಯಲ್ಲಿ ಕಾಕ ಹೇಳಿದ್ದನ್ನೂ ಹೇಳಿದೆ.

"ಜಗ್ಗಿಗೆ ಹಾಕಿದ್ದನ್ನು ನಾವು ಬರೆದೆವು, ಬಾಯಿಗೆ ಹೋದದ್ದನ್ನು ನೀನು ಬರೆದೆ" ಎಂದರು ಸಿಸ್ಟರ್. ಸಿಟ್ಟು ಇರಲಿಲ್ಲ. "ಈ ಪುಸ್ತಕ ಒಂದು ಗಂಟೆ ನನ್ನ ಹತ್ರ ಇರ್ಲಿ."

ಹಿಂದೆ ನಿಂತಿದ್ದ ತರಬೇತಿಯ ಹುಡುಗಿಯೊಬ್ಬಳು, "ಬಂದವರಿಗೆ ನೀರು ಕೊಡಬಾರದು ಅಂತ ಬೋರ್ಡ್ ಹಾಕುವಾ, ಸಿಸ್ಟರ್?" ಎಂದಳು.

"ಹಾಕು. ಆಮೇಲೆ ಕಾಕ ಬಂದವರ ಮುಖ ನೋಡ್ಲಿಕ್ಕೆ ಆಗದೆ ಗೋಡೆ ಕಡೆ ತಿರುಗಿ ಮಲಗ್ತಾರೆ. ಊಟವನ್ನೂ ಬಿಡ್ತಾರೆ." ಸಿಸ್ಟರ್ ನನ್ನ ಕಡೆ ತಿರುಗಿದರು. "ನಿನ್ನ ಅಮ್ಮ ಕೊಟ್ಟ ನೀರನ್ನು ಮನೆಗೆ ಬಂದವರು ಬೇಡ ಅಂದ್ರೆ ಅಮ್ಮ ಎಂತ ಮಾಡ್ತಾರೆ?"

"ಒಂದು ತಿಂಗಳು ಅವರ ಹತ್ರ ಮಾತಾಡುವುದಿಲ್ಲ."

"ಹಾಂ" ಎಂದು ಎದ್ದು ಹೋದರು.

ಡಾಕ್ಟರಿಗೆ ಅವರು ಏನು ಹೇಳಿದರೋ ನನಗೆ ತಿಳಿಯದು. ಡಾಕ್ಟರು ಬಾಗಿಲ ಬಳಿ ಹೇಳಿದ್ದು ಮಾತ್ರ ಕೇಳಿಸಿತು: "ಸೋಮವಾರ ಸಂಜೆವರೆಗೆ ನೋಡಿ. ಅದಕ್ಕಿಂತ ಹೆಚ್ಚು ಕಾಯ್ಲಿಕ್ಕೆ ನನಗೆ ಧೈರ್ಯ ಇಲ್ಲ. ಥಿಯೇಟರು ಮಂಗಳವಾರಕ್ಕೆ ಹಾಗೇ ಇರ್ಲಿ."

ನಾಲ್ಕು ಗಂಟೆಗೆ, ನೋಡುವವರು ಬರುವ ಹೊತ್ತಿಗೆ, ಎರಡು ಬದಲಾವಣೆ ಆಗಿದ್ದವು. ಕಾಕನ ಪಕ್ಕದಲ್ಲಿದ್ದ ಜಗ್ಗು ಇರಲಿಲ್ಲ. ವಾರ್ಡಿನ ಬಾಗಿಲಲ್ಲಿ ಒಂದು ಸ್ಟೂಲಿನ ಮೇಲೆ ಮಣ್ಣಿನ ಹೂಜಿ, ಪಕ್ಕದಲ್ಲಿ ಕವುಚಿಟ್ಟ ಗ್ಲಾಸುಗಳು. ಸಿಸ್ಟರ್ ಅಲ್ಲೇ ನಿಂತಿದ್ದರು. ಮೊದಲು ಬಂದದ್ದು ಕಾಕನ ತಮ್ಮ. ಸಿಸ್ಟರ್ ಅವರಿಗೆ ಮೊದಲು ಒಂದು ಗ್ಲಾಸು ಕುಡಿಯಲು ಕೊಟ್ಟರು, ಆಮೇಲೆ ಇನ್ನೊಂದು ಗ್ಲಾಸು ತುಂಬಿಸಿ ಕೈಗಿತ್ತು, ಇದನ್ನು ಅಣ್ಣನಿಗೆ ಕೊಡಿ ಎಂದರು.

ತಮ್ಮ ತಂದು ಚಾಚಿದರು. ಕಾಕ ಅದನ್ನು ತೆಗೆದುಕೊಂಡು ಮರುಕ್ಷಣವೇ ತಮ್ಮನ ಕಡೆ ಚಾಚಿದರು. "ನೀನು ದೋಣಿ ದಾಟಿ ಬಂದವ. ಮೊದಲು ನೀನು ಕುಡಿ."

"ನನ್ನದು ಆಯ್ತು ಅಣ್ಣಾ."

"ಎಲ್ಲಿ ಆಯ್ತು? ನಾನು ಕೊಡಲಿಲ್ಲವಲ್ಲ!"

ಗ್ಲಾಸು ಇಬ್ಬರ ನಡುವೆ ಮೂರು ಸಲ ಓಡಾಡಿತು, ಅರ್ಧ ಕಂಬಳಿಗೆ ಚೆಲ್ಲಿತು. ಸಿಸ್ಟರ್ ಬಂದರು.

"ಕಾಕ, ಇದು ಯಾರ ಮನೆ?"

"ಆಸ್ಪತ್ರೆ."

"ನಾನು ಇಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ನನ್ನ ಮನೆ. ನೀವು ಬಂದು ಹನ್ನೆರಡು ದಿನ ಆಯ್ತು. ಬಂದವರು ಯಾರು, ಮನೆಯವರು ಯಾರು?"

ಕಾಕ ಕಂಬಳಿಯ ಮೇಲೆ ಚೆಲ್ಲಿದ ನೀರನ್ನು ಕೈಯಿಂದ ಒರೆಸಿದರು.

"ಬಂದವರಿಗೆಲ್ಲ ನೀರು ನಾನು ಬಾಗಿಲಲ್ಲೇ ಕೊಡ್ತೇನೆ, ಬೆಲ್ಲ ನೀವೇ ಕೊಡಿ. ಆದ್ರೆ ನನ್ನ ಮನೆಗೆ ಬಂದು ನಾನು ಕೊಟ್ಟ ನೀರನ್ನು ನೀವು ಹೀಗೆ ದಾಟಿಸಿದ್ರೆ ನನಗೆ ಹೇಗಾಗ್ಬೇಕು? ಎಂತ, ನನ್ನ ಮೇಲೆ ಕೋಪವಾ?"

ತಮ್ಮದೇ ಮಾತು ತಮಗೇ ತಿರುಗಿ ಬಂದಾಗ ಕಾಕ ಗ್ಲಾಸು ಎತ್ತಿ ಕುಡಿದರು. ಆ ಸಂಜೆ ಐದು ಜನ ಬಂದರು, ಐದು ಚುಕ್ಕೆ.

ಅದು ಸುಲಭದ ಅರ್ಧ. ಇನ್ನರ್ಧ ಆರು ಗಂಟೆಗೆ ಬಂತು. ನೆಲ ಒರೆಸುವ ಅಣ್ಣ, ಐವತ್ತರ ಮನುಷ್ಯ, ಅಷ್ಟು ದಿನ ಮೂಲೆಯಲ್ಲಿದ್ದ, ಮರೆಗೆಂದು ಬಟ್ಟೆ ಬಿಗಿದ ಚಕ್ರದ ಚೌಕಟ್ಟನ್ನು ಕಿರಗುಟ್ಟಿಸುತ್ತ ತಳ್ಳಿಕೊಂಡು ಒಂದನೆಯ ಮಂಚದ ಬಳಿ ನಿಲ್ಲಿಸಿದ. ಮರೆಯೊಳಗೆ ಮೂತ್ರದ ಪಾತ್ರೆ ಇಟ್ಟ. ಹೊರಗೆ ಬಂದು ಬೆನ್ನು ತಿರುಗಿಸಿ ನಿಂತ. ಆಮೇಲೆ ಎರಡನೆಯದು, ಮೂರನೆಯದು. ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಎರಡು ಗಂಟೆಗೊಮ್ಮೆ, ಹದಿನೆಂಟು ಮಂಚಕ್ಕೂ, ಯಾರೂ ಕರೆಯದೆಯೇ.

"ಹದಿನೆಂಟು ಮಂಚ, ಎಂಟು ಸಲ! ನನ್ನ ಕಾಲನ್ನೂ ಇವನ ಹಾಗೆ ಮೇಲೆ ಕಟ್ಟಿಬಿಡಿ ಸಿಸ್ಟರ್" ಎಂದು ಅಣ್ಣ ನನ್ನನ್ನು ತೋರಿಸಿ ಗೊಣಗಿದ.

"ಕಟ್ತೇನೆ, ಮೊದಲು ಇದು ಮುಗಿಸು. ಮತ್ತೆ ಒಂದು ಮಾತು. ಬೇಕಾ ಅಂತ ಯಾರನ್ನೂ ಕೇಳ್ಬೇಡ. ಕೇಳಿದ್ರೆ ಬೇಡ ಅಂತಾರೆ. ಇಟ್ಟು ಹೊರಗೆ ಬಾ."

ಈ ಒಂದು ಮಾತನ್ನು ನಾನು ಅಂದೇ ಪುಸ್ತಕದಲ್ಲಿ ಬರೆದುಕೊಂಡೆ. ಕಾಕನಿಗೆ ಮಾತ್ರ ಹೀಗೆ ಮಾಡಿದ್ದರೆ ಅವರಿಗೆ ನಾಚಿಕೆ ಇನ್ನೂ ಹೆಚ್ಚುತ್ತಿತ್ತು. ಎಲ್ಲರಿಗೂ ಮಾಡಿದ್ದರಿಂದ ಅದು ಊಟದ ತಟ್ಟೆ ಬಂದ ಹಾಗೆ ಬಂತು, ಹೋಯಿತು. ಮೂರನೆಯ ಮಂಚದ ಮೇಷ್ಟ್ರೂ ಮರುದಿನದಿಂದ ಧಾರಾಳವಾಗಿ ನೀರು ಕುಡಿಯತೊಡಗಿದರು. ಅವರೂ ಕೇಳಲಾಗದೆ ಬಾಯಿ ಒಣಗಿಸಿಕೊಂಡಿದ್ದರು ಎಂದು ಯಾರಿಗೂ ಗೊತ್ತಿರಲಿಲ್ಲ.

ಭಾನುವಾರದಿಂದ ಜಗ್ಗಿನ ಲೆಕ್ಕ ನಿಂತಿತು. ಕಾಕನ ಚಾರ್ಟಿನ ನೀರಿನ ಕಾಲಮ್ಮನ್ನು ನನ್ನ ಚುಕ್ಕೆ ನೋಡಿ ತುಂಬಬೇಕು ಎಂದು ಸಿಸ್ಟರ್ ಹುಡುಗಿಯರಿಗೆ ಹೇಳಿದರು. ಯಾರೂ ನೋಡಲು ಬರದ ಬೆಳಗಿನ ಹೊತ್ತಿನಲ್ಲಿ ಆ ಹುಡುಗಿಯರೇ ಸರದಿಯಂತೆ ಗ್ಲಾಸು ತಂದು, "ಕಾಕ, ನಮ್ಮ ಮನೆಯದ್ದು" ಎನ್ನುತ್ತಿದ್ದರು. ಅಂದು ಹದಿನಾಲ್ಕು ಗ್ಲಾಸು. ಆದರೆ ಜ್ವರ ನೂರೆರಡರಲ್ಲೇ ಇತ್ತು. ಕಾಕ ನನ್ನೊಡನೆ ಮಾತು ಬಿಟ್ಟಿದ್ದರು. ತಮ್ಮನಿಗೆ, ನನಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು: "ಲೆಕ್ಕದವರ ಪಕ್ಕದಲ್ಲಿ ಮಲಗಬಾರದು ನೋಡು. ಹೊಟ್ಟೆಯೊಳಗಿನದ್ದನ್ನೂ ಬರೆದಿಡ್ತಾರೆ." ಆ ತಮ್ಮನಿಗೆ ಮಂಗಳವಾರದ ವಿಷಯ ಗೊತ್ತಿತ್ತು. ಒಪ್ಪಿಗೆಯ ಸಹಿ ಹಾಕಿದ್ದು ಅವರೇ. ಹೋಗುವಾಗ ನನ್ನ ಮಂಚದ ಬಳಿ ನಿಂತು, "ಬರೀತಾ ಇರು ತಮ್ಮ" ಎಂದಷ್ಟೇ ಹೇಳಿ ಹೋದರು.

ಸೋಮವಾರ ಮಧ್ಯಾಹ್ನದ ಹೊತ್ತಿಗೆ ನೆಲ ಒರೆಸುವ ಅಣ್ಣ ಮರೆಯಿಂದ ಪಾತ್ರೆ ಹಿಡಿದು ಹೊರಬಂದು, ಸಿಸ್ಟರನ್ನು ಕರೆದು ತೋರಿಸಿದ. ಕಡು ಚಹಾದ ಬಣ್ಣ ಹೋಗಿತ್ತು. ಸಂಜೆ ಜ್ವರ ನೂರಕ್ಕೆ ಇಳಿಯಿತು. ಸಂಜೆ ಬರಬೇಕಿದ್ದ ಡಾಕ್ಟರು ಬೇರೆ ಯಾವುದೋ ತುರ್ತಿಗೆ ಹೋಗಿದ್ದರು. ಹಾಗಾಗಿ ಮಂಗಳವಾರ ಬೆಳಿಗ್ಗೆ ಕಾಕನಿಗೆ ತಿಂಡಿ ಕೊಡಲಿಲ್ಲ, ಥಿಯೇಟರಿನ ಗಾಡಿಯೂ ಬಾಗಿಲಿಗೆ ಬಂದು ನಿಂತಿತ್ತು. ಏಳೂವರೆಗೆ ಡಾಕ್ಟರು ಬಂದರು. ಥರ್ಮಾಮೀಟರು ನೋಡಿದರು. ಅಳತೆಯ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಚಾರ್ಟು ನೋಡಿದರು. ಆಮೇಲೆ ನನ್ನ ಕಡೆ ಕೈ ಚಾಚಿ ಪುಸ್ತಕ ಕೇಳಿದರು.

"ಇದರಲ್ಲಿ ತಪ್ಪಿಲ್ಲ ಅಲ್ವಾ?"

"ಇಲ್ಲ ಸಾರ್. ಬಂದರಿನಲ್ಲಿ ತಪ್ಪಿದರೆ ಕೆಲಸ ಹೋಗ್ತದೆ."

"ಇಲ್ಲಿ ತಪ್ಪಿದ್ದು ನಮ್ಮದು" ಎಂದರು ಡಾಕ್ಟರು. ಅಷ್ಟು ಜನರ ಮುಂದೆ ಹಾಗೆ ಹೇಳಿದ್ದಕ್ಕೆ ಅವರ ಬಗೆಗೂ ನನಗೆ ಇವತ್ತಿಗೂ ಗೌರವವಿದೆ. ಪುಸ್ತಕ ಹಿಂದಕ್ಕೆ ಕೊಟ್ಟು, ಗಾಡಿಯವನಿಗೆ, "ತೆಗೆದುಕೊಂಡು ಹೋಗು, ಇವತ್ತು ಬೇಡ. ಇವರಿಗೆ ತಿಂಡಿ ಕೊಡಿ" ಎಂದರು.

ಗಾಡಿ ಹೋದ ಮೇಲೆ ಕಾಕ ಚಾವಣಿ ನೋಡುತ್ತ ಮಲಗಿದ್ದರು. ಇಡ್ಲಿ ಬಂತು, ತಿಂದರು. ಆಮೇಲೆ, ಎರಡೂವರೆ ದಿನದ ಮೇಲೆ, ನನ್ನ ಕಡೆ ತಿರುಗಿದರು.

"ಎಷ್ಟಾಯ್ತು?"

"ಎಂತ ಕಾಕ?"

"ನನ್ನದು. ನಿನ್ನೆ."

"ಹದಿನೇಳು."

"ಹದಿನೆಂಟು. ಮಧ್ಯಾಹ್ನ ನೀನು ಗೊರಕೆ ಹೊಡೀತಿದ್ದಾಗ ಒಂದು ಕುಡಿದೆ. ಬರ್ಕೋ."

ನಾನು ಬರೆದುಕೊಂಡೆ. ಆ ಒಂದು ಚುಕ್ಕೆ ಮಾತ್ರ ನಾನು ಕಣ್ಣಾರೆ ನೋಡದೆ ಹಾಕಿದ್ದು.

ಡಿಸೆಂಬರ್ 1ಕ್ಕೆ ಜ್ವರ ಪೂರ್ತಿ ಬಿಟ್ಟಿತು. ಎರಡನೆಯ ಆಪರೇಶನ್ನಿನ ಮಾತು ಮತ್ತೆ ಬರಲಿಲ್ಲ. ಸಿಸ್ಟರ್ ತಂದದ್ದು ಹೊಸ ಮದ್ದಲ್ಲ, ಯಂತ್ರವಲ್ಲ. ಬಂದವರಿಗೆ ಕೊಡುವ ನೀರನ್ನು ಮಂಚದ ಬಳಿಯಿಂದ ಬಾಗಿಲಿಗೆ ಸರಿಸಿದರು, ಮೂಲೆಯಲ್ಲಿದ್ದ ಚೌಕಟ್ಟಿಗೆ ಕೆಲಸ ಕೊಟ್ಟರು. ಆದರೆ ಅದಕ್ಕೆ ಮೊದಲು ಕಾಲು ಕಟ್ಟಿ ಮಲಗಿದ್ದ ಒಬ್ಬ ಗುಮಾಸ್ತನ ಗೀಟುಗಳನ್ನು ಕುಳಿತು ಓದಿದರು. ನಾನು ಎಷ್ಟೋ ಲೆಕ್ಕ ಬರೆದಿದ್ದೇನೆ. ಅಷ್ಟು ಗಮನದಿಂದ ಓದಿದವರು ಬೇರೊಬ್ಬರಿಲ್ಲ.

ಕಾಕ ಮನೆಗೆ ಹೊರಟದ್ದು ಡಿಸೆಂಬರ್ 6, ಬುಧವಾರ. ತಮ್ಮ ಬಂದು ಬಟ್ಟೆಯ ಗಂಟು ಎತ್ತಿಕೊಂಡರು. ಕಾಕ ಬಿಳಿ ಟೊಪ್ಪಿ ಇಟ್ಟು, ಕೋಲು ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ಬಾಗಿಲವರೆಗೆ ಹೋಗಿ ಸಿಸ್ಟರ್ ಎದುರು ನಿಂತರು.

"ನಾನು ಇಷ್ಟು ವರ್ಷ ಯಾರ ಹತ್ರವೂ ಏನೂ ಕೇಳಿದವ ಅಲ್ಲ ಸಿಸ್ಟರ್. ಇಲ್ಲಿ ಕೇಳ್ಬೇಕಲ್ಲ ಅಂತ ಸಾಯ್ಲಿಕ್ಕೂ ತಯಾರಾಗಿದ್ದೆ. ನೀವು ನಾನು ಕೇಳುವ ಹಾಗೇ ಇಡ್ಲಿಲ್ಲ."

ಸಿಸ್ಟರ್ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. "ಮೆಟ್ಟಿಲು ಉಂಟು ಕಾಕ, ನಿಧಾನ" ಎಂದರು. ಕಾಕ ಇಳಿದು ಮುಗಿಯುವವರೆಗೂ ಬಾಗಿಲಲ್ಲೇ ನಿಂತಿದ್ದು, ಆಮೇಲೆ ಒಳಗೆ ಬಂದು ಎಂಟನೆಯ ಮಂಚದ ಹಾಸು ಬದಲಿಸಲು ಹುಡುಗಿಯರನ್ನು ಕರೆದರು.